ಏಳೂವರೆಯ ಸೂತಕ

ಬೈತಖೋಲ ಬಂದರಿನಲ್ಲಿ ಪುಂಡಲೀಕನಷ್ಟು ಸುಳ್ಳು ಹೇಳುವವನು ಇನ್ನೊಬ್ಬನಿರಲಿಲ್ಲ. ಹರಿದ ಬಲೆ ಸರಿಪಡಿಸುವುದು ಅವನ ಕೆಲಸ. ಕೈ ತೂತು ಮುಚ್ಚುತ್ತಿದ್ದರೆ, ಬಾಯಿಯು ಇಲ್ಲದ ಮೀನನ್ನು ಹಿಡಿಯುತ್ತಿತ್ತು. ಒಮ್ಮೆ ಅವನ ಬಲೆಯಲ್ಲಿ ಅಂಜುದೀವ ದ್ವೀಪವೇ ಸಿಕ್ಕಿಬಿದ್ದಿತ್ತಂತೆ. ಪಾಪ ಎಂದು ಇವನೇ ಬಿಟ್ಟುಬಿಟ್ಟನಂತೆ. ಅಂಥವನಿಗೆ ಹೇಳಲಾಗದ ಮಾತು ಒಂದೇ ಇತ್ತು, ಮತ್ತು ಅದೊಂದೇ ನಿಜವಾಗಿತ್ತು: ಮಗ ಸತ್ತಿದ್ದಾನೆ.

2003ರ ಸೆಪ್ಟೆಂಬರಿನಲ್ಲಿ ಮಗ ರೋಷನ ಟ್ರಾಲರಿನಿಂದ ಜಾರಿ ಬಿದ್ದ. ಬೋಟು ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ತಾಯಿ ಗೋದಾವರಿ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಸಮುದ್ರ ತಿರುಗಿ ಕೊಡೂವರೆಗೆ ಯಾರೂ ಸತ್ತ ಹೇಳ್ಬೇಡಿ" ಎಂದವಳೇ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಳು.

ಹೆಣ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮಾಡುವ ಕ್ರಮವಿದೆ. ಮಗನಿಗೆ ಒಂದು ಬೊಗಸೆ ನೀರಾದರೂ ಬಿಡಬೇಕೆಂದು ಪುಂಡಲೀಕನ ಜೀವ ಒದ್ದಾಡುತ್ತಿತ್ತು. ಸುತ್ತ ಇಷ್ಟೊಂದು ನೀರಿದ್ದೂ ಹುಡುಗ ಬಾಯಾರಿ ಅಲೆಯುತ್ತಿದ್ದಾನೆಂದು ಅವನಿಗೆ ಅನಿಸುವುದು. ಆದರೆ ಹೆತ್ತವಳು ಒಪ್ಪದೆ ಗೊಂಬೆಗೆ ಬೆಂಕಿಯಿಡುವ ಧೈರ್ಯವಿರಲಿಲ್ಲ. ಮೂರು ವರ್ಷ ಹೀಗೇ ಹೋಯಿತು.

ಅಷ್ಟರಲ್ಲಿ ಟೀವಿಯ ಏಳೂವರೆಯ ಧಾರಾವಾಹಿಯಲ್ಲಿ ಒಬ್ಬಳ ಮಗ ಸತ್ತ. ಬಸ್ಸು ಹೊಳೆಗೆ ಬಿತ್ತು. ಅಲ್ಲಿ ಆ ತಾಯಿ ಎದೆ ಬಡಿದುಕೊಂಡಳು, ಇಲ್ಲಿ ಗೋದಾವರಿಯ ಕಟ್ಟೆ ಒಡೆಯಿತು. ರೋಷನನೇ ಮೊದಲ ದುಡಿಮೆಯಲ್ಲಿ ತಂದ ಟೀವಿ ಅದು. ಸೋಮವಾರದಿಂದ ಶುಕ್ರವಾರದವರೆಗೆ ಅವಳು ಅತ್ತ ಅಳುವಿಗೆ ಕಾಳಿ ನದಿ ಮೇಲಿನ ಕದ್ರಾ ಅಣೆಕಟ್ಟಿನವರೆಗೂ ಉಪ್ಪಾಯಿತು. ಶನಿವಾರ, ಭಾನುವಾರ ಮಾತ್ರ ಸ್ವಲ್ಪ ಸಪ್ಪೆ. ಜೊತೆಗೆ ಕೂತು ನೋಡುವ ಪಕ್ಕದ ಮನೆಯ ಹೀರಾ ಸೆರಗು ಸಾಲದೆ ಟವೆಲು ತರತೊಡಗಿದಳು.

"ಅಳ್ಲಿ ಬಿಡಿ ಪುಂಡಲೀಕಣ್ಣ," ಎಂದಳು ಹೀರಾ. "ಯಾರ ಮಗ ಆದ್ರೆ ಎಂತ? ನೀರು ಹೊರಗೆ ಬಂದ್ರೆ ಸಾಕು."

"ನಾ ಬೇಡ ಅಂದ್ನಾ? ನಮ್ಮವನ ಪಾಳಿ ಯಾವಾಗ ಬರ್ತದೆ ಕೇಳ್ದೆ, ಅಷ್ಟೇ."

ಧಾರಾವಾಹಿಯಲ್ಲಿ ಆ ಮಗನ ಹನ್ನೊಂದನೇ ದಿನದ ಕ್ರಿಯೆ ಬರಲು ಮೂರು ವಾರ ಹಿಡಿಯಿತು. ಕಾಗೆ ಪಿಂಡ ಮುಟ್ಟಲಿಕ್ಕೇ ಎರಡು ಕಂತು, ನಡುವೆ ಸಾಬೂನಿನ ಜಾಹೀರಾತು. ಬೈತಖೋಲದ ಕಾಗೆಯಾದರೆ ಅಷ್ಟರಲ್ಲಿ ಪಿಂಡ ತಿಂದು, ಹೀರಾಳ ಬುಟ್ಟಿಯ ಬಂಗಡೆ ತಿಂದು, ಗೋವೆಗೆ ಹೋಗಿ ಬರುತ್ತಿತ್ತು. ಅಂತೂ ಮುಟ್ಟಿತು. ಗೋದಾವರಿ ಕಣ್ಣೊರೆಸಿಕೊಂಡು, ಟೀವಿಯನ್ನೇ ನೋಡುತ್ತ ಹೇಳಿದಳು: "ಭಟ್ರಿಗೆ ಹೇಳಿ. ನಮ್ಮದೂ ಮುಗ್ಸುವಾ."

ಪುಂಡಲೀಕ ಬೆಳಗಾಗುವುದನ್ನೇ ಕಾದು ಭಟ್ಟರ ಮನೆಗೆ ಓಡಿದ. ಕ್ರಿಯೆ ಶುಕ್ರವಾರ, ಮಹಾಲಯ ಅಮಾವಾಸ್ಯೆಗೆ ಎಂದು ನಿಶ್ಚಯವಾಯಿತು. ದರ್ಭೆ ತಂದು ಮನೆಯ ಮಾಡಿಗೆ ಸಿಕ್ಕಿಸಿಟ್ಟ.

ಗುರುವಾರ ಸಂಜೆ ಏಳೂವರೆಗೆ ಧಾರಾವಾಹಿಯ ಮಗ ಬಾಗಿಲಲ್ಲಿ ಬಂದು ನಿಂತ.

ಮುಖ ಮಾತ್ರ ಬೇರೆ. ಮೊದಲಿನ ನಟ ಬಿಟ್ಟು ಹೋಗಿದ್ದನೋ ಏನೋ, ಹೊಸಬನನ್ನು ಹಾಕಿದ್ದರು. ಆದರೂ ತಾಯಿ ಒಂದೇ ನೋಟಕ್ಕೆ ಗುರುತು ಹಿಡಿದು ಅಪ್ಪಿಕೊಂಡಳು.

ಗೋದಾವರಿ ಎದ್ದು ಟೀವಿ ಆರಿಸಿದಳು. ಕಣ್ಣು ಒಣಗಿತ್ತು. "ನಾಳೆ ಬರೂದು ಬೇಡ ಹೇಳಿ ಭಟ್ರಿಗೆ."

"ಅದು ನಾಟಕ ಮಾರಾಯ್ತಿ. ಅವ ಬೇರೆಯವ. ಮೂಗು ನೋಡಿದ್ಯಾ? ಮೊದಲಿನ ಮೂಗಿನಿಂದ ಈ ಮೂಗಿಗೆ ಅಂಕೋಲೆ ಬಸ್ಸು ಹತ್ತಿ ಹೋಗ್ಬೇಕು."

"ಮೂರು ವರ್ಷ ಸಮುದ್ರದಲ್ಲಿದ್ರೆ ಮುಖ ಹಾಗೇ ಇರ್ತದಾ?"

ಆ ಹುಡುಗ ಬಿದ್ದದ್ದು ಹೊಳೆಗೆ ಎನ್ನಲು ಪುಂಡಲೀಕ ಬಾಯಿ ತೆರೆದ.

"ನೀವು ಗೊಂಬೆ ಸುಟ್ಟು ಕೂತ್ಕಳಿ," ಎಂದಳು ಗೋದಾವರಿ. "ಅವ ಬಂದು ಬಾಗಿಲಲ್ಲಿ ನಿಂತ್ರೆ ಎಂತ ಹೇಳ್ತೀರಿ?"

ಶುಕ್ರವಾರ ಬೆಳಿಗ್ಗೆ ಭಟ್ಟರಿಗೆ ಬೇಡವೆಂದು ಹೇಳಿ, ಪುಂಡಲೀಕ ಬಂದರಿನಲ್ಲಿ ಬಲೆ ಹಿಡಿದು ಕೂತ. ಜೊತೆಗೆ ಬಲೆ ಹೆಣೆಯುವ ಕುಪ್ಪ, "ಅಂಜುದೀವ ಮತ್ತೆ ಸಿಕ್ತಾ?" ಎಂದು ಕೆಣಕಿದ. ಪುಂಡಲೀಕ ನೀರಿನ ಕಡೆ ತಿರುಗಿದ. ಬೋಟುಗಳು ಬರುತ್ತಿದ್ದವು. ಎಲ್ಲೆಲ್ಲಿಯದೋ ಊರಿನ ಖಲಾಸಿಗಳು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅವನು ಪ್ರತಿಯೊಬ್ಬನ ಮುಖವನ್ನೂ ನೋಡಿದ. ಯಾವುದೂ ರೋಷನನ ಮುಖವಾಗಿರಲಿಲ್ಲ. ನಿನ್ನೆಯವರೆಗೆ, ಇವನು ಅವನಲ್ಲ ಎನ್ನಲು ಅಷ್ಟು ಗೊತ್ತಾದರೆ ಸಾಕಿತ್ತು.