ಹರಿಯದ ಕಬ್ಬಿಣ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಪುಟ್ಟಪ್ಪನವರ ಎದುರು ಕಬ್ಬಿಣದ ಮಾತೆತ್ತಿದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾದರೂ ಅವರು ನಿಮ್ಮನ್ನು ಬಿಡುವುದಿಲ್ಲ. ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಕುಲುಮೆಯ ಬಾಯಿ ಮುಂದೆ ನಿಂತವರು. ಬೆಂಕಿಯ ಬಣ್ಣ ನೋಡಿಯೇ ಒಳಗಿನ ಕಾವು ಎಷ್ಟೆಂದು ಹೇಳಬಲ್ಲವರು. ನಿವೃತ್ತರಾಗಿ ಎಂಟು ವರ್ಷವಾಗಿದೆ, ಚಾಳಿ ಹೋಗಿಲ್ಲ. ಹೆಂಡತಿ ದುರ್ಗಮ್ಮ ಹಾಲು ಕಾಯಿಸಲಿಟ್ಟರೆ ಅಡುಗೆಮನೆಗೆ ಬಂದು ಇಣುಕಿ "ಉರಿ ಜಾಸ್ತಿ ಆಯ್ತು" ಎನ್ನದಿದ್ದರೆ ಅವರಿಗೆ ಸಮಾಧಾನವಿಲ್ಲ. ಇಂಥ ಗಂಡನನ್ನು ಹಗಲೆಲ್ಲ ಸಂಭಾಳಿಸಿದ ದುರ್ಗಮ್ಮನಿಗೆ ಯಾರಾದರೂ ಒಂದು ಶಾಲು ಹೊದಿಸಬೇಕಿತ್ತು.

ಆಕೆಯ ಪಾಲಿಗೆ ಬಿಡುಗಡೆ ತಂದದ್ದು ಊರಿನ ಹತ್ತಿರದ ವಿಶ್ವವಿದ್ಯಾಲಯ. ಶಿವಮೊಗ್ಗದ ವಿದ್ಯಾನಗರದ ಹುಡುಗಿ ಮೈತ್ರಿ ಆ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಯಾರೋ ವಿಳಾಸ ಕೊಟ್ಟರೆಂದು ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದವಳೇ ಬ್ಯಾಗಿನಿಂದ ಕಪ್ಪು ಗಟ್ಟಿಯೊಂದನ್ನು ತೆಗೆದು ಪುಟ್ಟಪ್ಪನವರ ಕೈಗಿಟ್ಟಳು. ಶಿವಮೊಗ್ಗದ ರಾಗಿಗುಡ್ಡದ ಕಡೆ ಮನೆ ಪಾಯ ತೆಗೆಯುವಾಗ ಸಿಕ್ಕಿದ್ದಂತೆ.

ಪುಟ್ಟಪ್ಪ ಅದನ್ನು ಉಗುರಿನಿಂದ ಕೆರೆದರು. "ಕಿಟ್ಟ ಕಣಮ್ಮ ಇದು. ಕಬ್ಬಿಣ ತೆಗೆದ ಮೇಲೆ ಉಳಿಯೋ ಕಸ. ಆದ್ರೆ ನಮ್ ಫ್ಯಾಕ್ಟ್ರಿದಲ್ಲ, ಬಾಳ ಹಳೇದು."

"ಅದೇ ಅಂಕಲ್! ನೂರಾರು ವರ್ಷದ ಹಿಂದೆ ಇಲ್ಲೇ ಮಣ್ಣಿನ ಕುಲುಮೆ ಕಟ್ಟಿ ಕಬ್ಬಿಣ ತೆಗೀತಿದ್ರು ಅಂತ ಬರ್ದಿದೀನಿ. ಎದೆಯೆತ್ತರದ ಕುಲುಮೇಲಿ ಆಗೋ ಮಾತಾ ಅಂತ ನಮ್ಮ ಗೈಡ್ ಮೇಡಂ ಕೇಳ್ತಾರೆ. ಮಾಡಿ ತೋರಿಸ್ಬೇಕು."

"ನಡಿ, ಮಾಡೋಣ," ಎಂದವರೇ ಪುಟ್ಟಪ್ಪ ಚಪ್ಪಲಿ ಹುಡುಕಿದರು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಹಾಗೇ ಉಳಿಯಿತು.

ವಿಶ್ವವಿದ್ಯಾಲಯದ ಬಸ್ಸನ್ನು ದಿನಾ ನೋಡುತ್ತಿದ್ದರೂ ಅವರು ಆ ಕಾಂಪೌಂಡಿನೊಳಗೆ ಕಾಲಿಟ್ಟವರಲ್ಲ. ಅದು ಓದಿದವರ ಜಾಗ, ನಮಗೇನು ಕೆಲಸ ಎಂದುಕೊಂಡಿದ್ದವರು. ಈಗ ಎಂ.ಎ. ಹುಡುಗ ಹುಡುಗಿಯರು ಪ್ಯಾಂಟು ಮಡಚಿ, ಅವರು ಹೇಳಿದ ಹಾಗೆ ಕುಲುಮೆ ಕಟ್ಟುವ ಮಣ್ಣಿಗೆ ಭತ್ತದ ಹೊಟ್ಟು ಹಾಕಿ ತುಳಿಯುತ್ತಿದ್ದರು. ಎಲ್ಲರೂ "ಸರ್, ಸರ್" ಎನ್ನುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಪುಟ್ಟಪ್ಪನವರಿಗೆ ಹಿಗ್ಗೋ ಹಿಗ್ಗು.

ಒಂದೇ ಒಂದು ಮಾತಿನಲ್ಲಿ ಮಾತ್ರ ಅವರಿಗೂ ಮೈತ್ರಿಗೂ ಹೊಂದಾಣಿಕೆಯಾಗಲಿಲ್ಲ. ಇಂಥ ಸಣ್ಣ ಕುಲುಮೆಯಲ್ಲಿ ಕಬ್ಬಿಣ ಕರಗಿ ಹರಿಯುವುದಿಲ್ಲ, ಕಿಟ್ಟ ಮಾತ್ರ ಹರಿದುಹೋಗಿ ಕಬ್ಬಿಣ ಒಳಗೇ ಮೆತ್ತನೆ ಗಟ್ಟಿಯಾಗಿ ಕೂರುತ್ತದೆ ಎಂದು ಅವಳು ಓದಿದ್ದಳು. ಪುಟ್ಟಪ್ಪ ಒಪ್ಪಬೇಕಲ್ಲ! "ಹರೀದೇ ಇದ್ರೆ ಅದೆಂಥ ಕಬ್ಬಿಣ ಮಾರಾಯ್ತಿ? ನೀರು ಹರಿದಂಗೆ ಹರಿಯೋದನ್ನ ಈ ಕಣ್ಣಲ್ಲಿ ಕಂಡಿದೀನಿ," ಎಂದು ಮೊದಲ ಸಲ ತಿದಿ ಊದಿಸಿದರು, ಊದಿಸಿದರು, ಹುಡುಗರ ತೋಳು ಬಿದ್ದುಹೋಗುವಷ್ಟು ಊದಿಸಿದರು. ಕೊನೆಗೆ ಸಿಕ್ಕ ಗಟ್ಟಿ ಸುತ್ತಿಗೆಯ ಒಂದೇ ಏಟಿಗೆ ಪುಡಿಯಾಯಿತು. ಪುಟ್ಟಪ್ಪ ಇದ್ದಿಲನ್ನು ಬೈದರು, ಅದಿರನ್ನು ಬೈದರು, ಮಣ್ಣನ್ನೂ ಬೈದರು. ತಮ್ಮನ್ನು ಬಿಟ್ಟು ಎಲ್ಲವನ್ನೂ ಬೈದರು.

ಗೈಡ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಇನ್ನೊಂದೇ ಅವಕಾಶ. ಬಡಿದರೆ ಒಡೆಯದ ಕಬ್ಬಿಣ ಬಾರದಿದ್ದರೆ ಮೈತ್ರಿ ಆ ಅಧ್ಯಾಯವನ್ನೇ ಕೈಬಿಡಬೇಕು.

ಆ ಇನ್ನೊಂದು ಸಲ ಬಂದದ್ದು ಫೆಬ್ರವರಿಯಲ್ಲಿ, ಊರಿನವರಿಗೆಲ್ಲ ವಿಶ್ವವಿದ್ಯಾಲಯದ ಬಾಗಿಲು ತೆರೆದಿಟ್ಟ ದಿನ. ಶಿವಮೊಗ್ಗದಿಂದ ಶಾಲೆಯ ಮಕ್ಕಳು, ಹಳ್ಳಿಗಳಿಂದ ರೈತರು, ನ್ಯೂ ಟೌನ್‌ನಿಂದ ಪುಟ್ಟಪ್ಪನವರ ಹಳೇ ಜೊತೆಗಾರರು, ಎಲ್ಲರೂ ಕುಲುಮೆಯ ಸುತ್ತ ಸೇರಿದರು. ದುರ್ಗಮ್ಮ ಮುಂದಿನ ಕುರ್ಚಿಯನ್ನೇ ಹಿಡಿದು ಕೂತಿದ್ದರು. ಬೆಳಿಗ್ಗೆ ಎಂಟಕ್ಕೆ ಬೆಂಕಿ ಬಿತ್ತು. ಒಂದು ಬುಟ್ಟಿ ಇದ್ದಿಲು, ಅದರ ಮೇಲೆ ಅಡಿಕೆ ಗಾತ್ರದ ಅದಿರು, ಮತ್ತೆ ಇದ್ದಿಲು. ಮಧ್ಯಾಹ್ನ ಎರಡಕ್ಕೆ ಪುಟ್ಟಪ್ಪ ಬುಡದಲ್ಲಿ ತೂತು ಮಾಡಿದರು. ಕೆಂಪು ಕೆಂಪಾಗಿ ಹರಿದು ಬಂತು! ಜನ ಶಿಳ್ಳೆ ಹಾಕಿದರು, ಮಕ್ಕಳು ಕುಣಿದರು.

ಪುಟ್ಟಪ್ಪ ಕುಣಿಯಲಿಲ್ಲ. ಬಣ್ಣ ನೋಡಿದ ಕೂಡಲೇ ಗೊತ್ತಾಯಿತು, ಅದು ಬರೀ ಕಿಟ್ಟ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಹಿಂದೆ ಯಾರೋ "ಇಷ್ಟೇನಾ?" ಎಂದದ್ದು ಕಿವಿಗೆ ಬಿತ್ತು. ಅವರಿಗೆ ಹಳೇ ಜೊತೆಗಾರರ ಮುಂದೆ ಮಾನ ಹೋಯಿತೆಂದೇ ಅನ್ನಿಸಿತು.

"ಊದ್ರೋ! ಜೋರಾಗಿ ಊದ್ರಿ!"

ಮೈತ್ರಿ ಓಡಿಬಂದು ತಿದಿಯ ಮೇಲೆ ಕೈಯಿಟ್ಟಳು. "ಬೇಡ ಅಂಕಲ್. ಇನ್ನೂ ಊದಿದ್ರೆ ಕಾವು ಹೆಚ್ಚಾಗಿ ಕಬ್ಬಿಣ ಪೆಡಸಾಗುತ್ತೆ, ಹೋದ ಸಲದ್ದೇ ಕತೆ ಆಗುತ್ತೆ. ಇಷ್ಟಕ್ಕೇ ಒಡೀರಿ."

"ನಂಗೇ ಹೇಳ್ಕೊಡ್ತೀಯಾ? ಒಳಗೆ ಕಟ್ಕೊಂಡಿದೆ, ಬಿಡಿಸಿದ್ರೆ ಹರಿಯುತ್ತೆ ನೋಡು," ಎಂದು ಸಿಡುಕಿ ಪುಟ್ಟಪ್ಪ ಉದ್ದನೆಯ ಸಲಾಕೆಯನ್ನು ತೂತಿನೊಳಗೆ ನುಗ್ಗಿಸಿದರು.

ನುಗ್ಗಿಸಿದವರು ಹಾಗೇ ನಿಂತರು. ಒಳಗಿದ್ದದ್ದು ಕಲ್ಲಲ್ಲ, ಕಲ್ಲಾದರೆ ಟಣ್ ಎನ್ನಬೇಕಿತ್ತು. ನೀರೂ ಅಲ್ಲ. ಮುದ್ದೆ ತೊಳಸುವಾಗ ಹಿಟ್ಟು ಕೋಲನ್ನು ಹಿಡಿದುಕೊಳ್ಳುವ ಹಾಗೆ ಏನೋ ಸಲಾಕೆಯನ್ನು ಹಿಡಿದುಕೊಂಡಿತ್ತು. ಪುಟ್ಟಪ್ಪ ಇನ್ನೊಮ್ಮೆ ಒತ್ತಿದರು. ಮೆತ್ತಗೆ ತಗ್ಗಿತು, ಆದರೆ ಬಿಡಲಿಲ್ಲ. ಪುಸ್ತಕ ಹೇಳಿದ್ದನ್ನು ಒಪ್ಪದ ಮನುಷ್ಯ ಕೈ ಹೇಳಿದ್ದನ್ನು ಒಪ್ಪಲೇಬೇಕಾಯಿತು.

"ಊದೋದು ನಿಲ್ಸಿ," ಎಂದರು. ಮೈತ್ರಿಯ ಕಡೆ ತಿರುಗಿದಾಗ ಸಿಡುಕು ಎಲ್ಲಿ ಹೋಗಿತ್ತೋ! "ನೀನು ಹೇಳಿದ್ದೇ ಸರಿ ಕಣಮ್ಮ. ಇದೆ ಒಳಗೆ. ಕೂತಿದೆ. ಒಡೀರಿ!"

ಹುಡುಗರು ಗೋಡೆ ಕೆಡವಿದರು. ಪುಟ್ಟಪ್ಪ ಇಕ್ಕಳದಲ್ಲಿ ಆ ಉರಿಯುವ ಗಟ್ಟಿಯನ್ನು ಎಳೆದು ಕಲ್ಲಿನ ಮೇಲಿಟ್ಟು ಮರದ ಕೊಡತಿ ಎತ್ತಿದರು. ಮೈತ್ರಿ ಕಣ್ಣು ಮುಚ್ಚಿಕೊಂಡಳು. ಒಂದು ಏಟು. ಕಿಡಿ ಹಾರಿತು, ಸಂದುಗಳಿಂದ ಕಿಟ್ಟ ಚಿಮ್ಮಿತು, ಗಟ್ಟಿ ಒಡೆಯಲಿಲ್ಲ! ಎರಡು, ಮೂರು, ನಾಲ್ಕು. ತಿರುಗಿಸಿ ಬಡಿದರು, ಅದು ಚಪ್ಪಟೆಯಾಯಿತೇ ಹೊರತು ಒಡೆಯಲಿಲ್ಲ. ಮತ್ತೆ ಕಾಸಿ, ಕಬ್ಬಿಣದ ಸುತ್ತಿಗೆಯಿಂದ ಬಡಿದಾಗ ಠಣ್ ಎಂದು ದನಿ ಬಂತು. ಜನರ ಕೂಗಿಗೆ ಗಿಡದ ಮೇಲಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಮೈತ್ರಿ ಪಕ್ಕದಲ್ಲಿ ನಿಂತಿದ್ದ ಗೈಡನ್ನೇ ತಬ್ಬಿಕೊಂಡು ಅತ್ತಳು, ಆ ಗಂಭೀರ ಹೆಂಗಸೂ ಕಣ್ಣೊರೆಸಿಕೊಂಡರು.

ನೀರಿಗೆ ಹಾಕಿ ತಣಿಸಿದ ಮೇಲೆ ಪುಟ್ಟಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಮೂರು ಕೆ.ಜಿ. ಇದ್ದೀತು. ಲ್ಯಾಬಿಗೆ ಕಳಿಸಲು ಚೀಟಿ ಬರೆದು ಮೈತ್ರಿ ಕೈಚಾಚಿದಳು. ಅವರು ಕೊಡಲಿಲ್ಲ.

"ಕೊಡ್ರೀ, ಆ ಹುಡುಗಿ ಕಾಯ್ತಿದಾಳೆ," ಎಂದರು ದುರ್ಗಮ್ಮ.

"ಇರೇ. ಮೂವತ್ನಾಕು ವರ್ಷ ಕಬ್ಬಿಣ ಮಾಡ್ದೆ. ಬೆಂಕಿಯಾಗೇ ಹರಿದು, ಬೆಂಕಿಯಾಗೇ ಹೋಗಿಬಿಡ್ತಿತ್ತು. ಹತ್ರ ಹೋಗೋಕೂ ಆಗ್ತಿರ್ಲಿಲ್ಲ. ನಾನು ಮಾಡಿದ ಕಬ್ಬಿಣ ಕೈಲಿ ಹಿಡ್ಕೊಂಡಿದ್ದು ಇವತ್ತೇ."

ಮೈತ್ರಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.