ಸೊಂಟಕ್ಕೊಂದು ಒದೆ

ಕಳೆದ ಭಾನುವಾರ ಬೆಳಿಗ್ಗೆ, ಇಡೀ ಬೀದಿ ನೋಡುತ್ತಿರುವಾಗ, ನಮ್ಮ ಮನೆಯ ಜಗುಲಿಯ ಮೇಲೆ ಹಿರಿಯರೊಬ್ಬರು ನನ್ನ ಸೊಂಟಕ್ಕೆ ಒದ್ದರು.

ಗಾಬರಿಯಾಗಬೇಡಿ. ಜಗಳವಲ್ಲ, ಔಷಧಿ! ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅಂತ ನಮ್ಮ ದೊಡ್ಡಬಳ್ಳಾಪುರದಲ್ಲಿ ನಂಬಿಕೆ. (ನಗಬೇಡಿ, ನಿಮ್ಮೂರಲ್ಲೂ ಇದೆ.) ನಮ್ಮ ಬೀದಿಯಲ್ಲಿ ಹಾಗೆ ಹುಟ್ಟಿದ ಪುಣ್ಯಾತ್ಮರು ತಿಮ್ಮರಾಯಪ್ಪನವರು. ಅವರ ಎಡಗಾಲಿಗೆ ಬಹಳ ಡಿಮ್ಯಾಂಡು.

ನಾನು ರಾಜಘಟ್ಟದ ಶಾಲೆಯಲ್ಲಿ ಟೀಚರ್ ಅನ್ನುವುದು ನಿಮಗೆ ಗೊತ್ತೇ ಇದೆ. ಸೊಂಟ ನೋವು ಶುರುವಾಗಿ ವರ್ಷದ ಮೇಲಾಯಿತು. ಬೆಳಗಿನ ಬಸ್ಸಿನಲ್ಲಿ ನಿಂತು, ಕುಲುಕಿಸಿಕೊಂಡು ಹೋಗಿ, ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಕಣ್ಣಲ್ಲಿ ನೀರು. ಹೆಡ್‌ಮಾಸ್ಟರು ಎಷ್ಟು ದಿನ ಅಂತ ನೋಡುತ್ತಾರೆ? "ಆಗದಿದ್ರೆ ಬಿಟ್ಬಿಡಿ ಟೀಚರ್, ಕೆಲಸ ಕೇಳ್ಕೊಂಡು ಬರೋರು ಬೇಕಾದಷ್ಟು ಜನ ಇದಾರೆ" ಅಂದುಬಿಟ್ಟರು. ಈ ಲೋಕದಲ್ಲಿ ನನ್ನದು ಅಂತ ಇರುವುದು ಆ ಕೆಲಸ ಒಂದೇ. ಅದೂ ಹೋದರೆ?

ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ನೋಡಿ, "ಮೂಳೆಗೆ ಏನೂ ಆಗಿಲ್ಲಮ್ಮ. ಹೊಟ್ಟೆ, ಬೆನ್ನಿನ ಸ್ನಾಯುಗಳಲ್ಲಿ ಶಕ್ತಿ ಇಲ್ಲ. ಸೊಂಟನ ಹಿಡಿದು ನಿಲ್ಲಿಸೋದು ಅವೇ" ಅಂದರು. ದಿನಾ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟ ಎತ್ತಿ ಇಳಿಸಬೇಕಂತೆ. ಆಮೇಲೆ ಕೇಳಿದರು, "ಸೈಕಲ್ ಬರುತ್ತಾ?"

ಬರದೇ ಏನು! ಹೊಸಕೋಟೆಯಲ್ಲಿ ನಾನು ಹುಡುಗಿಯಾಗಿದ್ದಾಗ ಅಪ್ಪನೇ ಹಿಂದೆ ಓಡಿ ಓಡಿ ಕಲಿಸಿದ್ದರು.

"ಹಾಗಾದ್ರೆ ಹೊಡೀರಿ. ಹ್ಯಾಂಡಲ್ ಎತ್ತರ ಮಾಡಿಸ್ಕೊಳ್ಳಿ, ಬಗ್ಗಿ ಕೂರಬೇಡಿ. ಸಮ ಇರೋ ರಸ್ತೆ, ನಿಧಾನ."

ಮಲಗಿ ಸೊಂಟ ಎತ್ತಿದ ಮೊದಲ ದಿನವೇ ನಮ್ಮತ್ತೆ ನಡುಮನೆಗೆ ಬಂದರು. "ಥೂ, ಹೆಣ್ಣೆಂಗ್ಸು ಹಿಂಗಾ ಬಿದ್ದುಕೊಳ್ಳೋದು? ಬಾಗ್ಲಾದ್ರೂ ಹಾಕ್ಕೊಳ್ಳೇ!" ಬಾಗಿಲು ಹಾಕಿಕೊಂಡೆ. ಸರಿ, ಸೈಕಲ್ಲನ್ನು ಯಾವ ಬಾಗಿಲು ಹಾಕಿಕೊಂಡು ಹೊಡೆಯಲಿ?

ಪೇಟೆಯ ಸೈಕಲ್ ಶಾಪಿನಲ್ಲಿ ಯಾರೋ ನರ್ಸಮ್ಮ ಊರು ಬಿಡುವಾಗ ಮಾರಿಹೋಗಿದ್ದ ಲೇಡೀಸ್ ಸೈಕಲ್ ಧೂಳು ತಿನ್ನುತ್ತಿತ್ತು. ಬಾಡಿಗೆಗೆ ತಂದು, ಬಸ್ಸು ಬಿಟ್ಟು ಅದರಲ್ಲೇ ಶಾಲೆಗೆ ಹೊರಟೆ. ಮಗ್ಗದ ಮನೆಗಳ ಸದ್ದು ಹಿಂದಾಗುವವರೆಗೆ ಎಲ್ಲರ ಕಣ್ಣೂ ನನ್ನ ಮೇಲೆ. ಊರು ದಾಟಿದ ಮೇಲೆ ಗಾಳಿ. ಎಷ್ಟು ವರ್ಷವಾಗಿತ್ತು ಹಾಗೆ ಉಸಿರಾಡಿ! ಕೆಲವು ವಾರಗಳಲ್ಲಿ ಬೋರ್ಡ್ ತುಂಬಾ ಬರೆಯುವಂತಾದೆ. ಹೆಡ್‌ಮಾಸ್ಟರೂ ಸುಮ್ಮನಾದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆಗ ಬಂದರು ತಿಮ್ಮರಾಯಪ್ಪನವರು, ನಮ್ಮ ಯಜಮಾನರ ಹತ್ತಿರ.

"ಏನಪ್ಪಾ ರಂಗಣ್ಣ, ಮನೆ ಹೆಣ್ಮಗಳನ್ನ ಬೀದೀಲಿ ಸೈಕಲ್ ಹೊಡೆಯೋಕೆ ಬಿಟ್ಬಿಟ್ಟಿದೀಯಲ್ಲ! ಮಾನ ಮರ್ಯಾದೆ ಬ್ಯಾಡ್ವಾ? ನಾಳೆ ನಮ್ಮನೆ ಹೆಣ್ಮಕ್ಕಳೂ ಕೇಳ್ತವೆ."

ಮಾರನೆಯ ದಿನವೇ ಯಜಮಾನರು ಸೈಕಲ್ಲನ್ನು ಶಾಪಿಗೆ ವಾಪಸ್ ಬಿಟ್ಟು ಬಂದರು. (ಈ ಮಹಾಶಯರು ಆಫೀಸಿಗೆ ಹೋಗುವುದು ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಸೈಕಲ್ಲಿನಲ್ಲಿ. ಭಾನುವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚಿ ಒರೆಸುವ ಪ್ರೀತಿ ನೋಡಬೇಕು ನೀವು.)

"ರೀ, ನೋವು ಕಮ್ಮಿ ಆಗ್ತಿತ್ತು ಕಣ್ರೀ."

"ಕಮ್ಮಿ ಆಗೋಕೆ ಬೇರೆ ದಾರಿ ಇದೆ, ಸುಮ್ನಿರು."

ಸೈಕಲ್ ಹೋಯಿತು, ಬಸ್ಸು ಬಂತು, ನೋವೂ ಬಂತು. ಭಾನುವಾರ ಆ ಬೇರೆ ದಾರಿಯೂ ಬಂತು, ಪಂಚೆ ಎತ್ತಿ ಕಟ್ಟಿಕೊಂಡು. ತಿಮ್ಮರಾಯಪ್ಪನವರು ಕಾಲು ತೊಳೆದುಕೊಂಡು ದೇವರಿಗೆ ಕೈ ಮುಗಿದರು. ನಾನು ಬೇಡ ಅಂದೆ. ಅತ್ತೆ ಕೈ ಹಿಡಿದುಕೊಂಡರು. ಎದುರುಮನೆಯವರು ಅಕ್ಕಿ ಆರಿಸುವುದನ್ನು ಬಿಟ್ಟು ಎದ್ದು ನಿಂತರು.

"ಕಂಬ ಹಿಡ್ಕೊಂಡು ಸ್ವಲ್ಪ ಬಗ್ಗು ತಾಯಿ" ಅಂದರು ತಿಮ್ಮರಾಯಪ್ಪನವರು. ಡಾಕ್ಟರು ಏನನ್ನು ಬೇಡ ಅಂದಿದ್ದರೋ ಅದೇ.

ಬಗ್ಗಿದೆ. ಒದ್ದರು.

"ಬಿಡ್ತಾ? ಬಿಡ್ತಾ?" ಅಂತ ಬೀದಿಗೆ ಬೀದಿಯೇ ಕೇಳಿತು. ನೋವಿಗಿಂತ ಅವಮಾನಕ್ಕೆ ಅಳು ಬಂತು. ಅದನ್ನು ನೋಡಿ, "ಹಿಡಿದಿದ್ದು ಬಿಡೋವಾಗ ಹಂಗೇ ಆಗೋದು" ಅಂತ ಅತ್ತೆ ಎಲ್ಲರಿಗೂ ವಿವರಿಸಿದರು.

ಬಿಡಲಿಲ್ಲ. ಕೂರಲು ಆಗುತ್ತಿಲ್ಲ, ಇದನ್ನು ಮಗ್ಗುಲಾಗಿ ಮಲಗಿಕೊಂಡೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನನ್ನ ಕ್ಲಾಸಿಗೆ ಆಗಲೇ ಬೇರೆಯವರು ಬಂದಿದ್ದಾರಂತೆ. ಯಜಮಾನರು ಮಾತ್ರ ಎಂದಿನಂತೆ ಬೆಲ್ ಬಾರಿಸಿಕೊಂಡು ಸೈಕಲ್ ಹತ್ತಿ ಹೋದರು.

ಅವರು ಹೊರಡುವ ಮುಂಚೆ ತಿಮ್ಮರಾಯಪ್ಪನವರು ವಿಚಾರಿಸಿಕೊಳ್ಳಲು ಬಂದಿದ್ದರು. ಕಾಫಿ ಕುಡಿದು, "ಒಂದ್ಸಲಕ್ಕೆ ಬಿಡಲ್ಲ ತಾಯಿ, ಬರೋ ಭಾನುವಾರ ಇನ್ನೊಂದ್ಸಲ ಒದ್ಬಿಡ್ತೀನಿ" ಅಂತ ಹೇಳಿ ಹೋಗಿದ್ದಾರೆ.

ಸೈಕಲ್ ಹತ್ತಿದರೆ ಹೋಗಿಬಿಡುವ ಮರ್ಯಾದೆ, ಬೀದಿಯೆದುರು ಒದೆ ತಿಂದರೆ ಹೋಗುವುದಿಲ್ಲ: ಇದು ಯಾರ ಮರ್ಯಾದೆ ಸ್ವಾಮಿ?