ಕಾಪುವಿನ ನೀರಿನಲ್ಲಿ ಇದ್ದವರು

ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರ ಸಾಕುತ್ತೇನೆ ಎಂದಾಗ ಬನ್ನಂಜೆಯ ನೆರೆಮನೆಯವರು ನನಗೆ ಮರ್ಲು ಹಿಡಿದಿದೆ ಎಂದರು. ಎನ್ನಲಿ. ನಾನು ಅದನ್ನು ಶೋಕಿಗೆ ಇಟ್ಟದ್ದಲ್ಲ, ಅಪ್ಪನಿಗಾಗಿ ಇಟ್ಟದ್ದು.

ಅಪ್ಪ ಕಾಪುವಿನಲ್ಲಿ ಆಯುಷ್ಯವಿಡೀ ದೋಣಿಯಲ್ಲಿ ದುಡಿದವರು. ಎಂಬತ್ತರ ದಶಕದ ಆರಂಭದಲ್ಲಿ ಮೊಣಕಾಲು ಕೈಕೊಟ್ಟಿತು. ದೋಣಿ ಮಾರಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಗಳ ಮನೆಗೆ, ಎಂದರೆ ನನ್ನಲ್ಲಿಗೆ, ಬಂದರು. ಬಂದವರು ಕಡಲಿನ ಹೆಸರೆತ್ತಲಿಲ್ಲ. ಹೋಗಿ ಬರುವ ಎಂದರೆ, "ಅಲ್ಲಿ ನನಗೆ ಎಂತ ಕೆಲಸ ಉಂಟು?" ಎನ್ನುತ್ತಿದ್ದರು. ಹಾಗಾಗಿ ಭಾನುವಾರ ನಾನೇ ಬಸ್ಸಿನಲ್ಲಿ ಹೋಗಿ ಕ್ಯಾನಿನಲ್ಲಿ ಉಪ್ಪುನೀರು ತರುತ್ತಿದ್ದೆ. ಮೇಲಿಂದ ಕಂಡಕ್ಟರರ ಬೈಗುಳ. ಪೆಟ್ಟಿಗೆಯಲ್ಲಿ ಕೆಲವು ಕಿರುಮೀನು, ಶಂಖದೊಳಗೆ ಮನೆ ಮಾಡಿದ ಒಂದು ಏಡಿ, ಅಷ್ಟೇ. ಅಪ್ಪ ಬೆಳಗಿನ ಚಾ ಹಿಡಿದು ಅದರ ಮುಂದೆ ಕೂರತೊಡಗಿದರು. ನನಗೆ ಅದೇ ದೊಡ್ಡದು.

ಒಂದು ದಿನ ಮಲೇರಿಯಾ ಇಲಾಖೆಯವರೊಬ್ಬರು ಮನೆಮನೆಯ ನೀರು ನೋಡುತ್ತ ಬಂದರು. ಗಾಜಿಗೆ ಮೂಗು ತಾಗಿಸಿದ ಆ ಮನುಷ್ಯ, "ಟೀಚರೇ, ಇದರಲ್ಲಿ ಸೊಳ್ಳೆ ಮರಿ ಉಂಟು. ಮದ್ದು ಹಾಕಬೇಕು" ಎಂದರು. ನೋಡಿದರೆ ಹೌದು, ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಗಾಜಿನ ಹತ್ತಿರ ಕುಪ್ಪಳಿಸುತ್ತಿದ್ದವು. ಮದ್ದು ಬಿದ್ದರೆ ಮೀನು, ಏಡಿ ಎಲ್ಲಕ್ಕೂ ಅಲ್ಲಿಗೆ ಮುಗಿಯಿತು.

"ಹಾಕಲಿ ಬಿಡು ಮಗಾ" ಎಂದು ಅಪ್ಪ ಕುರ್ಚಿ ಹಿಂದೆ ಸರಿಸಿದರು. ದೋಣಿ ಮಾರಿದ ದಿನವೂ ಇದೇ ಧ್ವನಿಯಲ್ಲಿ ಮಾತಾಡಿದ್ದರು. ನಾನು ಪೆಟ್ಟಿಗೆಗೆ ಅಡ್ಡ ನಿಂತೆ.

"ಉಪ್ಪುನೀರಿನಲ್ಲಿ ಸೊಳ್ಳೆ ಹುಟ್ಟುವುದುಂಟಾ ಮಾರಾಯರೇ?"

"ಕೆಲವು ಜಾತಿ ಹುಟ್ಟುತ್ತವೆ" ಎಂದರು. ಅದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು.

ನಾನು ಬಿಡುವವಳಲ್ಲ. ಒಂದು ಗ್ಲಾಸಿಗೆ ಆ ನೀರು ತೆಗೆದು ಭೂತಗನ್ನಡಿ ಹಿಡಿದೆ. ಹಣೆಯಲ್ಲಿ ಒಂದೇ ಕೆಂಪು ಕಣ್ಣು, ಎರಡು ಮೀಸೆ, ಬಾಲದ ಬುಡದಲ್ಲಿ ಪುಟ್ಟ ಚೀಲಗಳು. ಕಾಲೇಜಿನ ಹಳೆಯ ಪುಸ್ತಕ ಬಿಡಿಸಿ, "ನೋಡಿ, ಇದರ ಹೆಸರು ಕೋಪೆಪಾಡ್. ಸೀಗಡಿಯ ದೂರದ ನೆಂಟ" ಎಂದೆ.

"ಚಿತ್ರ ಸರಿ. ಸೊಳ್ಳೆ ಮರಿಯನ್ನು ಪಕ್ಕದಲ್ಲಿಟ್ಟು ತೋರಿಸಿ, ನೋಡುವ" ಎಂದರು ಮಲೇರಿಯಾದವರು.

ಅದನ್ನು ಎಲ್ಲಿಂದ ತರಲಿ? ಅವರೇ ಅಡುಗೆಮನೆಗೆ ಹೋಗಿ ತಂದರು. ಇರುವೆ ಹತ್ತದಂತೆ ತಿಂಡಿ ಕಪಾಟಿನ ಕಾಲಡಿ ನೀರಿನ ಬೋಗುಣಿಗಳನ್ನು ಇಟ್ಟಿದ್ದೆನಲ್ಲ, ಅವುಗಳ ತುಂಬ ಸೊಳ್ಳೆ ಮರಿಗಳು. ನೈರ್ಮಲ್ಯದ ಪಾಠ ಮಾಡುವವಳ ಮಾನ ಅಲ್ಲಿಗೆ ಹೋಯಿತು. ಆದರೆ ಎರಡು ಗ್ಲಾಸು ಅಕ್ಕಪಕ್ಕ ಇಟ್ಟಾಗ ಸಂಗತಿ ಸ್ಪಷ್ಟವಾಯಿತು: ಸೊಳ್ಳೆ ಮರಿಗಳು ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬಂದು ತಲೆಕೆಳಗಾಗಿ ನೇತಾಡಿದವು. ನಮ್ಮವು ಮೇಲೆ ಬರಲೇ ಇಲ್ಲ. ಅವರು ನಕ್ಕು, ಮದ್ದನ್ನು ಬೋಗುಣಿಗಳಿಗೆ ಹಾಕಿ ಹೋದರು.

ಅಪ್ಪ ಭೂತಗನ್ನಡಿಗೆ ಕೈ ಚಾಚಿದರು. ತುಂಬ ಹೊತ್ತು ನೋಡಿದರು.

"ಆ ಚೀಲ ಎಂತದು?"

"ಮೊಟ್ಟೆ ಅಪ್ಪ. ಕಾಪುವಿನ ನೀರಿನಲ್ಲೇ ಬಂದದ್ದು. ಬಂಗುಡೆ, ಬೂತಾಯಿ ಮೀನೆಲ್ಲ ಇಂಥದ್ದನ್ನು ತಿಂದೇ ಬೆಳೆಯುವುದು."

"ಇಷ್ಟು ವರ್ಷ ಇವುಗಳ ಮೇಲೆಯೇ ಹೋಗಿ ಬಂದೆನಾ" ಎಂದರು. ಗ್ಲಾಸನ್ನು ಅವರೇ ಜೋಪಾನವಾಗಿ ಪೆಟ್ಟಿಗೆಗೆ ಮರಳಿ ಸುರಿದರು.

ಮುಂದಿನ ಭಾನುವಾರ ಹುಡುಕಿದರೆ ಕ್ಯಾನು ಕಾಣಲಿಲ್ಲ. ಅಪ್ಪ ಅದನ್ನು ಹಿಡಿದು ಜಗಲಿಯಲ್ಲಿ ನಿಂತಿದ್ದರು.

"ನೀನು ತರುವುದು ದಡದ ಕಲಕು ನೀರು. ಬಂಡೆಯ ಆಚೆ ಚೊಕ್ಕ ನೀರು ಉಂಟು. ಬಾ, ತೋರಿಸುತ್ತೇನೆ."

"ಮೊಣಕಾಲು?"

"ಅದೂ ಬರುತ್ತದೆ."

ಬಸ್ಸಿನಲ್ಲಿ ಕಂಡಕ್ಟರರು ಕ್ಯಾನು ನೋಡಿ ಮುಖ ಸಿಂಡರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಎರಡು ಕಾಪು" ಎಂದರು.